ಇರುಳಿನಲ್ಲಿ ಎದ್ದು ಹೊರಟ ಜೋಸೆಫರು

(ಆಗಮನ ಕಾಲದ ನಾಲ್ಕನೆಯ ಭಾನುವಾರ, ಶಾಲೆಯ ಅಂಗಳದ ಚಪ್ಪರದಲ್ಲಿ ನಡೆದ ಬಲಿಪೂಜೆಯಲ್ಲಿ ವಿಚಾರಣಾ ಗುರುಗಳು ನೀಡಿದ ಪ್ರಬೋಧನೆ)



ಇನ್ನು ನಾಲ್ಕು ದಿನ ಕಳೆದರೆ ಕ್ರಿಸ್ತಜಯಂತಿ. ನೂರು ವರ್ಷಗಳ ಹಿಂದೆ ನಿಮ್ಮ ಅಜ್ಜ ಮುತ್ತಜ್ಜಂದಿರು ಕಲ್ಲು ಹೊತ್ತು, ಸುಣ್ಣ ಅರೆದು, ಮರದ ತೊಲೆಗಳನ್ನು ಎತ್ತಿನ ಗಾಡಿಗಳಲ್ಲಿ ತಂದು ಕಟ್ಟಿದ ದೇವಾಲಯದಲ್ಲಿ ಈ ವರ್ಷದ ಹಬ್ಬವನ್ನು ಹಿಂದೆಂದೂ ಇಲ್ಲದ ಸಂಭ್ರಮದಿಂದ ಆಚರಿಸಬೇಕೆಂದು ನಾವೆಲ್ಲರೂ ಎಣಿಸಿದ್ದೆವು. ಧರ್ಮಾಧ್ಯಕ್ಷರು ನಡುರಾತ್ರಿಯ ಪೂಜೆಗೆ ದಯಮಾಡಿಸಲು ಒಪ್ಪಿದ್ದರು. ಗಾಯನ ವೃಂದದವರು ಆಗಸ್ಟ್ ತಿಂಗಳಿನಿಂದಲೇ ಅಭ್ಯಾಸ ಮಾಡುತ್ತಿದ್ದರು. ಯುವಕರು ಗೋದಲಿಗಾಗಿ ಬಿದಿರು ಕಡಿದು ತಂದು ಒಣಗಿಸಿದ್ದರು. ಹೀಗಿರಲು, ನವೆಂಬರ್ ತಿಂಗಳಲ್ಲಿ ಒಡೆದ ಹೆಂಚು ಬದಲಿಸಲೆಂದು ಮೇಲೆ ಹತ್ತಿದ ಕೆಲಸಗಾರರು ಕೆಳಗಿಳಿದು ಬಂದು ಏನು ಹೇಳಿದರೆಂಬುದು ನಿಮಗೆಲ್ಲ ತಿಳಿದೇ ಇದೆ. ನಡುವಿನ ಎರಡು ತೊಲೆಗಳನ್ನು ಗೋಡೆಯ ಬದಿಯಲ್ಲಿ ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು. ಪರೀಕ್ಷಿಸಿದ ಇಂಜಿನಿಯರು, ದುರಸ್ತಿಯಾಗುವವರೆಗೆ ಈ ಮಾಡಿನ ಕೆಳಗೆ ಜನರನ್ನು ಕೂರಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ದೇವಾಲಯದ ಬಾಗಿಲಿಗೆ ಬೀಗ ಬಿತ್ತು. ಧರ್ಮಾಧ್ಯಕ್ಷರ ಭೇಟಿ ಪಾಸ್ಕ ಹಬ್ಬದ ನಂತರಕ್ಕೆ ಹೋಯಿತು. ಶತಮಾನದ ಕ್ರಿಸ್ಮಸ್ ಶಾಲೆಯ ಅಂಗಳಕ್ಕೆ, ಈ ಅಡಿಕೆ ಸೋಗೆಯ ಚಪ್ಪರಕ್ಕೆ ಬಂದಿದೆ.

ಅಂದಿನಿಂದ ನಾವು ಬಗೆಬಗೆಯ ಮಾತುಗಳನ್ನು ಕೇಳಿದ್ದೇವೆ. ನೂರು ವರ್ಷ ನಿಂತ ಮಾಡು ಇನ್ನೊಂದು ರಾತ್ರಿ ನಿಲ್ಲಲಾರದೇ ಎಂದರು ಕೆಲವರು. ಪಕ್ಕದ ಊರಿನವರ ಮುಂದೆ ತಲೆ ತಗ್ಗಿಸುವಂತಾಯಿತು ಎಂದರು ಇನ್ನು ಕೆಲವರು. ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ಒಬ್ಬ ಹಿರಿಯ ತಾಯಿಯ ಮಾತು. ಬೀಗ ಹಾಕಿದ ಬಾಗಿಲ ಮುಂದೆ ಜಪಸರ ಹಿಡಿದು ನಿಂತಿದ್ದ ಆಕೆ, "ಸ್ವಾಮೀ, ನೂರನೇ ವರ್ಷಕ್ಕೆ ಸರಿಯಾಗಿ ದೇವ್ರು ನಮ್ಮನ್ನ ಗುಡಿಯಿಂದ ಹೊರಗೆ ಹಾಕಿದ್ನಲ್ಲಾ, ನಾವೇನು ತಪ್ಪು ಮಾಡಿದ್ವಿ?" ಎಂದು ಕೇಳಿದರು. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಕ್ಕಿರಲಿಲ್ಲ. ಭಾನುವಾರ ಹೇಳುತ್ತೇವಮ್ಮಾ ಎಂದು ಮಾತು ಕೊಟ್ಟೆವು. ಇಂದು ಆ ಮಾತನ್ನು ಉಳಿಸಿಕೊಳ್ಳಬೇಕಾಗಿದೆ.

ಮೊಟ್ಟಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇವೆ. ತೊಲೆಯನ್ನು ತಿಂದದ್ದು ಗೆದ್ದಲು. ಅದು ತಿನ್ನುತ್ತಿದ್ದುದನ್ನು ನೋಡದೆ ಹೋದದ್ದು ನಾವು. ಎಷ್ಟೋ ವರ್ಷಗಳಿಂದ ಗೋಡೆಗೆ ಬಣ್ಣ ಬಳಿದೆವು, ದೀಪಾಲಂಕಾರ ಮಾಡಿದೆವು. ಏಣಿ ಇಟ್ಟು ಮೇಲೆ ಹತ್ತಿ ನೋಡಿದವರು ಒಬ್ಬರೂ ಇಲ್ಲ. ಆ ಅಲಕ್ಷ್ಯದಲ್ಲಿ ದೊಡ್ಡ ಪಾಲು ವಿಚಾರಣಾ ಗುರುಗಳಾದ ನಮ್ಮದೇ. ನಮ್ಮ ಅಜಾಗರೂಕತೆಯ ಫಲವನ್ನು ದೇವರ ಮುನಿಸೆಂದು ಕರೆಯುವುದು ಭಕ್ತಿಯಲ್ಲ. ಇದನ್ನು ಒಪ್ಪಿಕೊಂಡ ಮೇಲೆಯೇ ಮುಂದಿನ ಪ್ರಶ್ನೆಯನ್ನು ನಾವು ಕೇಳಬಹುದು: ಎಣಿಸಿದ್ದು ಮುರಿದುಬಿದ್ದಾಗ, ಅದೂ ಹಬ್ಬದ ಹೊತ್ತಿನಲ್ಲಿ ಮುರಿದುಬಿದ್ದಾಗ, ದೇವರನ್ನು ನಂಬುವುದೆಂದರೆ ಏನು?

"ತಾನೊಂದೆಣಿಸಿದರೆ ದೈವವೊಂದೆಣಿಸಿತು" ಎಂದು ನಮ್ಮ ಹಿರಿಯರು ನಿಟ್ಟುಸಿರು ಬಿಟ್ಟು ಹೇಳುವುದುಂಟು. ಆ ಗಾದೆಯನ್ನು ಸಂತ ಜೋಸೆಫರ ಬಾಳಿನ ಮೇಲಿಟ್ಟು ನೋಡೋಣ. ಇಂದಿನ ಶುಭಸಂದೇಶವು ಅವರನ್ನು ಕುರಿತದ್ದೇ ಆಗಿದೆ. ನಜರೇತಿನ ಆ ಬಡಗಿಯ ಎಣಿಕೆ ಬಹು ಸರಳವಾದದ್ದಾಗಿದ್ದಿರಬೇಕು: ಮದುವೆ, ಮನೆ, ಕಸುಬು, ಮಕ್ಕಳು, ಸಬ್ಬತ್ ದಿನದಂದು ಪ್ರಾರ್ಥನಾಮಂದಿರ. ಆದರೆ ನಿಶ್ಚಯವಾದ ಕನ್ಯೆ ಗರ್ಭಿಣಿಯೆಂದು ತಿಳಿದುಬಂದಿತು. ಸಜ್ಜನರಾದ ಜೋಸೆಫರು ಆಕೆಯನ್ನು ಬಯಲಿಗೆಳೆಯಲು ಮನಸ್ಸಿಲ್ಲದೆ ಗುಟ್ಟಾಗಿ ಬಿಟ್ಟುಬಿಡಲು ನಿಶ್ಚಯಿಸಿದರು. ಅದು ಅವರ ಎರಡನೆಯ ಎಣಿಕೆ. ಕನಸಿನಲ್ಲಿ ಬಂದ ದೇವದೂತನು ಆ ಎಣಿಕೆಯನ್ನೂ ಮುರಿದನು.

ಮುಂದೆ ಪ್ರಸವದ ದಿನಗಳು ಹತ್ತಿರವಾದವು. ಮನೆಯಲ್ಲಿ ತೊಟ್ಟಿಲು ಸಿದ್ಧವಾಗಿದ್ದಿರಬಹುದು, ಮಾಡುವವರು ಬಡಗಿಯಲ್ಲವೇ! ಆಗ ರೋಮಿನಿಂದ ಚಕ್ರವರ್ತಿ ಅಗಸ್ತನ ಆಜ್ಞೆ ಹೊರಟಿತು. ಎಲ್ಲರೂ ತಮ್ಮ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಜನರನ್ನು ಲೆಕ್ಕ ಮಾಡುವುದು ಅಂದಿನ ದೊರೆಗಳಿಗೆ ಮುಖ್ಯವಾಗಿ ತೆರಿಗೆಗಾಗಿ ಬೇಕಾಗಿತ್ತು. ಆ ಆಜ್ಞೆಯನ್ನು ಬರೆದ ಕರಣಿಕನಿಗೆ ನಜರೇತಿನ ಒಬ್ಬ ತುಂಬು ಗರ್ಭಿಣಿಯ ಯೋಚನೆ ಬಂದಿರಲಾರದು. ನಜರೇತಿನಿಂದ ಬೆತ್ಲೆಹೇಮಿಗೆ ಸುಮಾರು 150 ಕಿಲೋಮೀಟರುಗಳ ದಾರಿ. ಗುಡ್ಡಗಾಡು, ಕನಿಷ್ಠ ನಾಲ್ಕೈದು ದಿನಗಳ ಪಯಣ. ತೊಟ್ಟಿಲು ನಜರೇತಿನಲ್ಲಿ ಉಳಿಯಿತು, ಕಂದ ಬೆತ್ಲೆಹೇಮಿನಲ್ಲಿ ಹುಟ್ಟಿತು. ಛತ್ರದಲ್ಲಿ ಸ್ಥಳವಿರಲಿಲ್ಲ. ಕಂದನನ್ನು ಗೋದಲಿಯಲ್ಲಿ ಮಲಗಿಸಿದರು.

ಈ ಗೋದಲಿ ಎಂಬ ಪದವನ್ನು ನಾವು ವರ್ಷ ವರ್ಷವೂ ಆಡಿ ಆಡಿ, ಅದು ಬಣ್ಣದ ಕಾಗದ, ನಕ್ಷತ್ರ, ಮಿನುಗುವ ದೀಪಗಳ ಒಂದು ಅಲಂಕಾರವೆಂದು ತಿಳಿದುಬಿಟ್ಟಿದ್ದೇವೆ. ಕೊಟ್ಟಿಗೆಯಿರುವ ಮನೆಯವರನ್ನು ಕೇಳಿರಿ. ಗೋದಲಿ, ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ ಜಾಗ. ಅಲ್ಲಿ ಹುಲ್ಲಿನ ಧೂಳು, ದನದ ಜೊಲ್ಲು, ಮುಸುರೆಯ ವಾಸನೆ. ಯಾವ ತಾಯಿಯೂ ಹಸುಗೂಸನ್ನು ಮಲಗಿಸಲೆಂದು ಅದನ್ನು ಮೊದಲೇ ಆರಿಸಿಕೊಳ್ಳುವುದಿಲ್ಲ. ಎಣಿಕೆಗಳೆಲ್ಲ ತಪ್ಪಿಹೋದ ಮೇಲೆ ಕೈಗೆ ಸಿಕ್ಕ ಜಾಗ ಅದು. ಆದರೂ, ದೇವದೂತನು ಕುರುಬರಿಗೆ ಕೊಟ್ಟ ಗುರುತು ಅದೇ ಆಯಿತೆಂಬುದನ್ನು ಗಮನಿಸಿರಿ. ಅರಮನೆಯನ್ನಾಗಲಿ ಮಹಾದೇವಾಲಯವನ್ನಾಗಲಿ ಅವನು ತೋರಿಸಲಿಲ್ಲ; ಗೋದಲಿಯಲ್ಲಿ ಮಲಗಿರುವ ಶಿಶುವನ್ನು ಹುಡುಕಿರೆಂದನು. ಕುರುಬರಿಗೆ ಗೋದಲಿ ಗೊತ್ತಿತ್ತು. ಅರಮನೆಯಲ್ಲಿ ಹುಟ್ಟಿದ್ದರೆ ಅವರನ್ನು ಹೆಬ್ಬಾಗಿಲಲ್ಲೇ ತಡೆಯುತ್ತಿದ್ದರು.

ಇನ್ನೊಂದು ವಿಷಯ. ಅರಸನು ಬೆತ್ಲೆಹೇಮಿನಿಂದ ಬರುವನೆಂದು ಪ್ರವಾದಿ ಮೀಕನು ಶತಮಾನಗಳ ಹಿಂದೆಯೇ ಸಾರಿದ್ದನು. ನಜರೇತಿನ ದಂಪತಿಗಳನ್ನು ಆ ಊರಿಗೆ ಕರೆದೊಯ್ದದ್ದು ದೇವರನ್ನರಿಯದ ಚಕ್ರವರ್ತಿಯ ತೆರಿಗೆಯ ಆಸೆ. ಚಕ್ರವರ್ತಿಯ ಆಸೆ ದೇವರ ಆಸೆಯಾಗಿತ್ತೆಂದು ನಾವು ಹೇಳುತ್ತಿಲ್ಲ. ಕೆಡುಕನ್ನೂ ಲೋಭವನ್ನೂ ದೇವರು ಮಾಡುವುದಿಲ್ಲ. ಆದರೆ ಅವು ಮುರಿದು ಹಾಕಿದ ದಾರಿಯಲ್ಲಿಯೂ ತಮ್ಮ ಕಾರ್ಯವನ್ನು ಮುಂದುವರಿಸಲು ದೇವರಿಗೆ ತಿಳಿದಿದೆ. ನಮ್ಮ ವಿಶ್ವಾಸ ನಿಂತಿರುವುದು ಇದರ ಮೇಲೆ.

ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಇಲ್ಲ. ಮರಿಯಮ್ಮನವರು ದೇವದೂತನನ್ನು ಪ್ರಶ್ನೆ ಕೇಳಿದರು, ಹಾಡಿದರು; ಜಕರೀಯನು ಸಂಶಯಪಟ್ಟು ಮೂಕನಾದನು. ಜೋಸೆಫರು ಮಾತ್ರ ಆರಂಭದಿಂದ ಕೊನೆಯವರೆಗೆ ಮೌನಿ. ಸಂತ ಮತ್ತಾಯನು ಅವರ ನಾಲ್ಕು ಕನಸುಗಳನ್ನು ಬರೆದಿದ್ದಾನೆ. ಯಾವ ಕನಸಿನಲ್ಲಿಯೂ ಮುಂದಿನ ದಾರಿಯೆಲ್ಲವನ್ನೂ ತೋರಿಸಿಕೊಟ್ಟಿಲ್ಲ. ಪ್ರತಿಸಲವೂ ಒಂದೇ ಒಂದು ಹೆಜ್ಜೆ: ಆಕೆಯನ್ನು ಮನೆಗೆ ಸೇರಿಸಿಕೊ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡು, ಮತ್ತೆ ನಾಡಿಗೆ ಹಿಂದಿರುಗು, ಜುದೇಯಕ್ಕೆ ಹೋಗದೆ ಗಲಿಲೇಯಕ್ಕೆ ಹೋಗು. ಈಜಿಪ್ಟಿನಲ್ಲಿ ಎಷ್ಟು ಕಾಲ? ಹೊಟ್ಟೆಪಾಡಿಗೇನು? ಭಾಷೆ ಬಾರದ ಊರಿನಲ್ಲಿ ಯಾರ ಆಸರೆ? ಒಂದಕ್ಕೂ ಉತ್ತರವಿಲ್ಲ.

ಆಗ ಜೋಸೆಫರು ಏನು ಮಾಡಿದರು? ಎದ್ದರು. ಮೂರು ಕಡೆ ಸಂತ ಮತ್ತಾಯನು ಇದೇ ಕ್ರಿಯೆಯನ್ನು ಹೇಳುತ್ತಾನೆ. ನಿದ್ದೆಯಿಂದ ಎದ್ದು ಮರಿಯಮ್ಮನವರನ್ನು ಸೇರಿಸಿಕೊಂಡರು, ಇರುಳಿನಲ್ಲಿಯೇ ಎದ್ದು ಈಜಿಪ್ಟಿಗೆ ಹೊರಟರು, ಎದ್ದು ಹಿಂದಿರುಗಿದರು. ಗುರುಮಠದಲ್ಲಿ ನಾವು ಗ್ರೀಕ್ ಭಾಷೆಯನ್ನು ಬಹು ಕಷ್ಟಪಟ್ಟು ಕಲಿತವರು. ಕಲಿತದ್ದರಲ್ಲಿ ಬಹುಪಾಲು ಮರೆತಿದ್ದೇವೆ. ಆದರೆ ಒಂದು ಸಂಗತಿ ಮರೆತಿಲ್ಲ. ಜೋಸೆಫರು ಎದ್ದರೆಂದು ಹೇಳಲು ಸಂತ ಮತ್ತಾಯನು ಬಳಸಿದ ಕ್ರಿಯಾಪದವನ್ನೇ ತನ್ನ ಶುಭಸಂದೇಶದ ಕೊನೆಯಲ್ಲಿ ಯೇಸುಸ್ವಾಮಿಯು ಸಮಾಧಿಯಿಂದ ಎದ್ದರೆಂದು ಸಾರುವಾಗಲೂ ಬಳಸಿದ್ದಾನೆ. ಮೂಡಲು ಇನ್ನೂ ಬೆಳಗಾಗದ ಹೊತ್ತಿನಲ್ಲಿ, ಕಾರಣ ತಿಳಿಯದೆ, ಮಗುವಿಗಾಗಿ ಎದ್ದು ಕತ್ತೆಗೆ ಜೀನು ಬಿಗಿದ ಒಬ್ಬ ಬಡಗಿಯ ಏಳುವಿಕೆಯಲ್ಲಿ ಪಾಸ್ಕದ ಬೆಳಗಿನ ಮೊದಲ ಕಿರಣವನ್ನು ಕಾಣಬಹುದೆಂದು ನಮಗೆ ತೋರುತ್ತದೆ.

ಆದುದರಿಂದ, ಪ್ರಿಯರೇ, ನಂಬುವುದೆಂದರೆ ಎಲ್ಲವೂ ನಾವೆಣಿಸಿದಂತೆ ಸರಿಹೋಗುವುದೆಂದು ಕಾಯುತ್ತಾ ಕೂರುವುದಲ್ಲ. ಏಕೆ ಹೀಗಾಯಿತೆಂಬುದಕ್ಕೆ ವಿವರಣೆ ಸಿಕ್ಕುವುದೂ ಅಲ್ಲ. ವಿವರಣೆ ಸಿಗದಿದ್ದರೂ ಎದ್ದು, ಕೈಯಲ್ಲಿರುವ ಮಗುವನ್ನು ಕಾಪಾಡುತ್ತಾ, ಮುಂದಿನ ಒಂದು ಹೆಜ್ಜೆ ಇಡುವುದೇ ನಂಬಿಕೆ.

ಮಾಡು ಕಳೆದುಕೊಂಡು ಕ್ರಿಸ್ಮಸ್ ಆಚರಿಸಿದ ದೇವಾಲಯ ನಮ್ಮದೊಂದೇ ಅಲ್ಲ. 2019ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ ಸಂಜೆ, ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾದೇವಾಲಯದ ಮರದ ಮಾಡು ಬೆಂಕಿಗೆ ಆಹುತಿಯಾಯಿತು. ಆ ವರ್ಷ ಅಲ್ಲಿ ಕ್ರಿಸ್ಮಸ್ ಪೂಜೆ ನಡೆಯಲಿಲ್ಲ. 1803ರಿಂದೀಚೆಗೆ ಹಾಗಾದದ್ದು ಅದೇ ಮೊದಲು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಅಲ್ಲಿ ಹಬ್ಬದ ಪೂಜೆ ನಿಂತಿರಲಿಲ್ಲ. ಅಲ್ಲಿನ ಭಕ್ತರು ಸಮೀಪದ ಮತ್ತೊಂದು ದೇವಾಲಯದಲ್ಲಿ ಒಟ್ಟುಗೂಡಿ ನಡುರಾತ್ರಿಯ ಪೂಜೆಯನ್ನು ಅರ್ಪಿಸಿದರು. ಮಹಾದೇವಾಲಯದ ಬಾಗಿಲು ಮತ್ತೆ ತೆರೆದದ್ದು 2024ರ ಡಿಸೆಂಬರಿನಲ್ಲಿ. ಐದು ಕ್ರಿಸ್ಮಸ್‌ಗಳು ಹೊರಗೇ ಕಳೆದವು. ನಮಗೆ ಒಂದು ಕಳೆಯಲಿಕ್ಕಿದೆ.

ಅದರ ಮರುವರ್ಷ, 2020ರ ಕ್ರಿಸ್ಮಸ್, ಇಡೀ ಜಗತ್ತಿಗೇ ಹಬ್ಬ ಕದಲಿಹೋದ ವರ್ಷ. ರೋಮಿನಲ್ಲಿ ರಾತ್ರಿ ಕರ್ಫ್ಯೂ ಇದ್ದುದರಿಂದ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು ಸಂಜೆ ಏಳೂವರೆ ಗಂಟೆಗೇ ಕ್ರಿಸ್ಮಸ್ ಪೂಜೆಯನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ, ಡಿಸೆಂಬರ್ 24ರಂದೇ ಹಿಂತೆಗೆದುಕೊಂಡದ್ದನ್ನೂ, ಆ ಎರಡು ದಿನ ಪೂಜೆಯ ವೇಳೆ ಎಷ್ಟು ಗಂಟೆಗೆಂದು ನೀವು ನಮ್ಮನ್ನು ಕೇಳಿ, ನಮಗೇ ತಿಳಿಯದೆ ಒದ್ದಾಡಿದ್ದನ್ನೂ ನೀವು ಮರೆತಿರಲಾರಿರಿ. ಅದೇ ಡಿಸೆಂಬರ್ 8ರಂದು ಜಗದ್ಗುರುಗಳು ಸಂತ ಜೋಸೆಫರ ವರ್ಷವನ್ನು ಘೋಷಿಸಿದ್ದರು. 1870ರಲ್ಲಿ ಒಂಬತ್ತನೆಯ ಭಕ್ತಿನಾಥರೆಂಬ ಪೋಪ್ ಪಯಸ್ ಜಗದ್ಗುರುಗಳು ಜೋಸೆಫರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಸಾರಿ ಅಂದಿಗೆ 150 ವರ್ಷಗಳು ತುಂಬಿದ್ದವು. ವ್ಯಾಧಿ ಮನೆಮನೆಯನ್ನು ಮುಚ್ಚಿದ್ದ ಕಾಲದಲ್ಲಿ, ಮಾತಿಲ್ಲದೆ ಎದ್ದು ಮನೆಯವರನ್ನು ಕಾಪಾಡಿದ ಒಬ್ಬ ತಂದೆಯನ್ನೇ ಧರ್ಮಸಭೆ ನಮ್ಮ ಕಣ್ಣೆದುರು ನಿಲ್ಲಿಸಿತು.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ಮಾಡು ಹೋದರೆ ಮತ್ತೆ ಕಟ್ಟಬಹುದು, ವೇಳೆ ತಪ್ಪಿದರೆ ಬೇರೆ ವೇಳೆ ಇಡಬಹುದು. ಆದರೆ ಹಬ್ಬದ ದಿನಗಳಲ್ಲಿ ಜೀವವೇ ಹೋದರೆ? ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಈ ವರ್ಷ ಸಾವಾಗಿದೆ. ಅವರ ಮುಂದೆ ಗೆದ್ದಲು ತಿಂದ ತೊಲೆಯ ಮಾತಾಡಿ ಕುಳಿತುಕೊಳ್ಳಲು ನಮಗೆ ನಾಚಿಕೆಯಾಗುತ್ತದೆ.

2004ರ ಕ್ರಿಸ್ಮಸ್ಸಿನ ಮರುದಿನವನ್ನು ನೆನೆಯಿರಿ. ಡಿಸೆಂಬರ್ 26, ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಸುಮಾತ್ರದ ಬಳಿ ಕಡಲಡಿಯಲ್ಲಿ ಭೂಮಿ ನಡುಗಿ ಎದ್ದ ಸುನಾಮಿ ಅಲೆಗಳು ಬೆಳಿಗ್ಗೆ ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿದವು. ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಮಂದಿ, ಎಲ್ಲ ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡರು. ವೇಳಾಂಗಣ್ಣಿ ಮಾತೆಯ ಪುಣ್ಯಕ್ಷೇತ್ರಕ್ಕೆ ನಮ್ಮ ಕರ್ನಾಟಕದಿಂದ ಹೋಗುವ ಯಾತ್ರಿಕರೆಷ್ಟೆಂಬುದು ನಿಮಗೆ ಗೊತ್ತು. ಅಲ್ಲಿ ದೇವಾಲಯದ ಒಳಗಿದ್ದವರು ಉಳಿದರು. ಕಡಲ ತೀರದಲ್ಲಿದ್ದ ಯಾತ್ರಿಕರೂ ಅಂಗಡಿಯವರೂ ನೂರಾರು ಸಂಖ್ಯೆಯಲ್ಲಿ ಕೊಚ್ಚಿಹೋದರು.

ಅಂದು ಹಲವರು, ಒಳಗಿದ್ದವರನ್ನು ದೇವರು ಕಾಪಾಡಿದರು ಎಂದು ಹೇಳಿ ಸುಮ್ಮನಾದರು. ಬದುಕಿದವರು ದೇವರಿಗೆ ಕೃತಜ್ಞತೆ ಹೇಳುವುದು ಯೋಗ್ಯವೇ. ಆದರೆ ಆ ಮಾತಿನ ಇನ್ನೊಂದು ಮಗ್ಗುಲನ್ನು ನೋಡಿರಿ. ಬೆಳಗಿನ ಪೂಜೆ ಮುಗಿಸಿ ಮಕ್ಕಳಿಗೆ ಕಡಲು ತೋರಿಸಲು ಹೋದ ತಂದೆಯನ್ನು ದೇವರು ಕೈಬಿಟ್ಟರೇ? ಮಣಿಸರ ಮಾರಿ ಹೊಟ್ಟೆ ಹೊರೆಯುತ್ತಿದ್ದ ಹೆಂಗಸು ಅವರ ಮಗಳಲ್ಲವೇ? ಹಾಗೆ ಹೇಳುವ ಅಧಿಕಾರ ನಮಗೆ ಯಾರು ಕೊಟ್ಟರು?

ಆ ಭಾನುವಾರ ಲೋಕದ ಎಲ್ಲ ಕಥೋಲಿಕ ದೇವಾಲಯಗಳಲ್ಲಿ ಓದಬೇಕಾಗಿದ್ದ ಶುಭಸಂದೇಶ ಯಾವುದು ಬಲ್ಲಿರಾ? ಮೂರು ವರ್ಷಗಳಿಗೊಮ್ಮೆ ಬರುವ ಪಾಠ: ಜೋಸೆಫರು ಇರುಳಿನಲ್ಲಿ ಎದ್ದು ತಾಯಿಮಗುವಿನೊಡನೆ ಈಜಿಪ್ಟಿಗೆ ಓಡಿದ ಭಾಗ. ಆ ಪಾಠದ ನಡುವೆ ಕೆಲವು ವಾಕ್ಯಗಳನ್ನು ಅಂದು ಓದುವುದಿಲ್ಲ. ಅವು ಡಿಸೆಂಬರ್ 28ರ ಹಬ್ಬಕ್ಕೆ ಮೀಸಲು. ಬೆತ್ಲೆಹೇಮಿನಲ್ಲಿ ಹೆರೋದನ ಕತ್ತಿಗೆ ಸಿಕ್ಕ ಕೂಸುಗಳ ವಾಕ್ಯಗಳವು. ಒಂದು ಮಗು ತಪ್ಪಿಸಿಕೊಂಡಿತು, ಉಳಿದ ಮಕ್ಕಳು ಸತ್ತವು. ಆ ತಾಯಂದಿರು ಯಾರ ಸಾಂತ್ವನವನ್ನೂ ಒಪ್ಪದೆ ಅತ್ತರೆಂದು ಶುಭಸಂದೇಶವೇ ಹೇಳುತ್ತದೆ. ಅವರ ಅಳುವನ್ನು ಅದು ಗದರಿಸುವುದಿಲ್ಲ, ವಿವರಿಸುವುದೂ ಇಲ್ಲ. ಧರ್ಮಸಭೆ ಆ ಕಂದಮ್ಮಗಳನ್ನು ಮರೆಯದೆ, ಕ್ರಿಸ್ಮಸ್ಸಿನ ಎಂಟು ದಿನಗಳ ಒಳಗೇ ಅವರಿಗೆ ಒಂದು ಹಬ್ಬವನ್ನಿಟ್ಟಿದೆ. ಅಂದು ತಪ್ಪಿಸಿಕೊಂಡ ಆ ಮಗುವಾದರೂ ಸಾವಿನಿಂದ ಶಾಶ್ವತವಾಗಿ ತಪ್ಪಿಸಿಕೊಳ್ಳಲಿಲ್ಲ. ಮೂವತ್ತು ವರ್ಷಗಳ ಮೇಲೆ ಶಿಲುಬೆಯ ಮೇಲೆ ಆ ಕೂಸುಗಳ ಜತೆ ಸೇರಿಕೊಂಡಿತು. ದುಃಖದಲ್ಲಿರುವವರ ಮುಂದೆ ನಮ್ಮ ಬಳಿ ಇರುವ ಉತ್ತರ ಇಷ್ಟೇ: ದೇವರು ದೂರ ನಿಂತು ನೋಡಲಿಲ್ಲ, ತಾವೇ ಆ ದುಃಖದೊಳಕ್ಕೆ ಬಂದರು.

ಈಗ ನಮ್ಮದೇ ಒಂದು ಸಂಗತಿಯನ್ನು ಹೇಳುತ್ತೇವೆ. ಇದನ್ನು ಪೂಜಾಪೀಠದ ಬಳಿ ನಿಂತು ಹಿಂದೆಂದೂ ಹೇಳಿರಲಿಲ್ಲ.

ನಾವು ಗುರುದೀಕ್ಷೆ ಪಡೆದ ಮರುವರ್ಷ. ಮಲೆನಾಡಿನ ಒಂದು ಊರಿನಲ್ಲಿ ಸಹಾಯಕ ಗುರುಗಳಾಗಿದ್ದೆವು. ಕ್ರಿಸ್ಮಸ್ ರಾತ್ರಿಯ ಪ್ರಬೋಧನೆಯನ್ನು ಹಿರಿಯ ಸ್ವಾಮಿಗಳು ನಮಗೆ ವಹಿಸಿದ್ದರು. ಎರಡು ವಾರ ಕುಳಿತು ಬರೆದು, ತಿದ್ದಿ, ಬಾಯಿಪಾಠ ಮಾಡಿದ್ದೆವು. ವಿಷಯ: ಛತ್ರದಲ್ಲಿ ಸ್ಥಳ ಸಿಗದ ದೇವರು. ಹಬ್ಬದ ಹಿಂದಿನ ಸಂಜೆ ಏಳೂವರೆಗೆ, ಗಾಯನ ವೃಂದದ ಕೊನೆಯ ಅಭ್ಯಾಸ ನಡೆಯುತ್ತಿದ್ದಾಗ, ಕಾಫಿ ಎಸ್ಟೇಟಿನ ಲೈನು ಮನೆಗಳಿಂದ ಒಬ್ಬ ಹುಡುಗ ಓಡಿಬಂದನು. ಅವನ ತಾತ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಈಗ ಉಸಿರು ಎಳೆಯುತ್ತಿದ್ದಾರೆ, ಸ್ವಾಮಿಗಳು ಬಂದು ಅಭ್ಯಂಗ ಕೊಡಬೇಕು ಎಂದನು. ಹಿರಿಯ ಸ್ವಾಮಿಗಳು ಪಾಪನಿವೇದನೆ ಕೇಳುತ್ತಿದ್ದರು, ನಾವೇ ಹೋಗಬೇಕಾಗಿತ್ತು. ನಾವು ಆ ಹುಡುಗನಿಗೆ, "ಸ್ವಲ್ಪ ತಡಿಯಪ್ಪಾ, ಇದೊಂದು ಹಾಡು ಮುಗೀಲಿ" ಎಂದೆವು. ಹಾಡು ಸರಿಬರಲಿಲ್ಲ. ಮತ್ತೊಮ್ಮೆ ಹಾಡಿಸಿದೆವು. ಹಾರ್ಮೋನಿಯಮ್ ನುಡಿಸುವವರಿಗೆ ಶ್ರುತಿ ಹೇಳಿಕೊಟ್ಟೆವು. ಹುಡುಗ ಬಾಗಿಲ ಬಳಿ ನಿಂತೇ ಇದ್ದನು. ಹೀಗೆ ಅರ್ಧ ಗಂಟೆ ಕಳೆಯಿತು.

ಜೀಪು ಆ ಲೈನು ಮನೆಯ ಮುಂದೆ ನಿಂತಾಗ ಒಳಗಿನಿಂದ ಅಳು ಕೇಳಿಸಿತು. ತಾತ ತೀರಿಕೊಂಡು ಹತ್ತು ನಿಮಿಷವಾಗಿತ್ತೆಂದರು. ಕೈಯಲ್ಲಿ ಪವಿತ್ರ ತೈಲವನ್ನು ಹಿಡಿದುಕೊಂಡು ನಾವು ಬಾಗಿಲಲ್ಲಿ ನಿಂತೆವು.

ಅವರ ಹೆಂಡತಿ, ಎಪ್ಪತ್ತು ದಾಟಿದ ಮುದುಕಿ, ನೆಲದ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. "ಚಳೀಲಿ ಬಂದಿದೀರಿ ಸ್ವಾಮೀ, ಬೆಂಕಿ ಹತ್ರ ಕೂತ್ಕೊಳಿ" ಎಂದು ಚಾಪೆ ಹಾಸಿದರು. ಒಲೆಯ ಮೇಲೆ ಪಾತ್ರೆಯಿಟ್ಟು, ಬೆಲ್ಲದ ಕಪ್ಪು ಕಾಫಿ ಕಾಸಿ, ತಾವೇ ತಂದು ಕೈಗಿತ್ತರು. ಏಕೆ ತಡವಾಯಿತೆಂದು ಕೇಳಲೇ ಇಲ್ಲ. ಹುಡುಗನಾದರೂ ಅರ್ಧ ಗಂಟೆ ನಿಲ್ಲಿಸಿದ ಮಾತನ್ನು ಯಾರಿಗೂ ಹೇಳಲಿಲ್ಲ. ಆ ಕಾಫಿ ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಆಗಲೇ ಹೊರಟಿದ್ದರೆ ನಡುರಾತ್ರಿಯ ಪೂಜೆಗೆ ತಲುಪಬಹುದಾಗಿತ್ತು; ನಮಗೆ ಏಳಲಾಗಲಿಲ್ಲ. ಜೀಪಿನ ಚಾಲಕನ ಕೈಯಲ್ಲಿ ಹೇಳಿಕಳುಹಿಸಿ ಅಲ್ಲಿಯೇ ಉಳಿದೆವು. ಲೈನಿನ ಜನರೆಲ್ಲ ಸೇರಿ ಜಪಸರ ಹೇಳಿದರು. ಹನ್ನೆರಡು ಗಂಟೆಯಾಯಿತೆಂದು ಯಾರೋ ಪಿಸುಗುಟ್ಟಿದಾಗ ಆ ಅಜ್ಜಿ ತಲೆಯೆತ್ತಿ, "ಪ್ರತಿ ವರ್ಷ ಈ ಹೊತ್ತಿಗೆ ಅವರು ಹಾಡೋರು. ಕಂದ ಹುಟ್ಟಿದ ಹೊತ್ತು, ಸುಮ್ನಿರಬಾರದು. ಹಾಡಿ" ಎಂದರು. ಗಂಡನ ಶವದ ಬಳಿ ಕುಳಿತು ಅವರೇ ಮೊದಲು ದನಿ ತೆಗೆದರು. ದನಿ ಎರಡು ಸಲ ಒಡೆಯಿತು; ಮೂರನೆಯ ಸಲ ನಿಂತಿತು. ಉಳಿದವರು ಜತೆಗೂಡಿದರು. ಶ್ರುತಿಯಿರಲಿಲ್ಲ, ತಾಳವಿರಲಿಲ್ಲ. ನಾವು ಅರ್ಧ ಗಂಟೆ ತಿದ್ದಿದ ಹಾಡೇ ಅದು.

ಬೆಳಗಿನ ಜಾವ ಹಿಂದಿರುಗಿ ಹಿರಿಯ ಸ್ವಾಮಿಗಳಲ್ಲಿ ನಡೆದುದನ್ನು ಒಪ್ಪಿಕೊಂಡು ಪಾಪಕ್ಷಮೆ ಬೇಡಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಕ್ಷಮಾದಾನ ಮಾಡಿ, "ಇನ್ನು ಮೇಲೆ ಬಾಗಿಲಿಗೆ ಬಂದ ಹುಡುಗನನ್ನು ನಿಲ್ಲಿಸಬೇಡಿ" ಎಂದರು. ಅಷ್ಟೇ. ಬರೆದಿಟ್ಟ ಪ್ರಬೋಧನೆ ಅಂಗಿಯ ಜೇಬಿನಲ್ಲಿಯೇ ಮಡಚಿಕೊಂಡಿತ್ತು. ಛತ್ರದಲ್ಲಿ ಸ್ಥಳವಿಲ್ಲವೆಂದವನು ಯಾರೆಂಬುದು ಆ ವರ್ಷ ನಮಗೆ ತಿಳಿಯಿತು.

ಆ ರಾತ್ರಿಯಿಂದ ನಾವು ಎರಡು ಪಾಠಗಳನ್ನು ಹೊತ್ತುಕೊಂಡು ನಡೆದಿದ್ದೇವೆ. ನಮ್ಮ ಹಬ್ಬಕ್ಕೆ ಅಡ್ಡಿಯೆಂದು ತೋರುವುದು ಎಷ್ಟೋ ಸಲ ಬಾಗಿಲಿಗೆ ಬಂದ ಪ್ರಭುವೇ ಆಗಿರುತ್ತಾರೆ, ಇದು ಮೊದಲನೆಯದು. ಎರಡನೆಯದು, ನಿಜವಾಗಿ ಎಲ್ಲವನ್ನೂ ಕಳೆದುಕೊಂಡವರು ಎದ್ದು ಒಲೆ ಹಚ್ಚಿ ಇನ್ನೊಬ್ಬರಿಗೆ ಕಾಫಿ ಕಾಸಿದರು. ಶುಭಸಂದೇಶದಲ್ಲಿ ಜೋಸೆಫರು ಎದ್ದರೆಂದು ಓದುವಾಗಲೆಲ್ಲ ಚಾಪೆ ಹಾಸುತ್ತಿದ್ದ ಆ ಅಜ್ಜಿ ನಮ್ಮ ಕಣ್ಣಮುಂದೆ ಬರುತ್ತಾರೆ. ಗುರುಮಠದಲ್ಲಿ ವರ್ಷಗಟ್ಟಲೆ ಓದಿ ಕಲಿಯದ ದೈವಶಾಸ್ತ್ರವನ್ನು ಅವರು ಒಂದು ಲೋಟ ಕಾಫಿಯಲ್ಲಿ ಕಲಿಸಿದರು. ಧರ್ಮಸಭೆ ಸಂತ ಜೋಸೆಫರನ್ನು ಒಳ್ಳೆಯ ಮರಣದ ಪಾಲಕರೆಂದು ಕರೆಯುತ್ತದೆ. ಆ ತಾತನಿಗೆ ನಾವು ತಲುಪಿಸಲಾರದೆ ಹೋದುದನ್ನು ಜೋಸೆಫರು ತಲುಪಿಸಿದ್ದಾರೆಂದು ನಂಬಿ, ಪ್ರತಿ ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ಅವರನ್ನು ಮೊದಲು ನೆನೆಯುತ್ತೇವೆ.

ಪ್ರಿಯರೇ, ಈ ನಾಲ್ಕು ದಿನಗಳಲ್ಲಿ ನಮ್ಮ ಮುಂದಿನ ಹೆಜ್ಜೆ ಯಾವುದು? ಮಾಡಿನ ಕೆಲಸಕ್ಕೆ ಕಾಲ ಬೇಕು, ಹಣ ಬೇಕು, ಅದು ಆಗುತ್ತದೆ. ಅಲ್ಲಿಯವರೆಗೆ ಕೈಗೆ ಸಿಕ್ಕ ಗೋದಲಿ ಈ ಅಂಗಳ. ದೇವಾಲಯಕ್ಕೆ ಮೆಟ್ಟಿಲು ಹತ್ತಲಾರದೆ ವರ್ಷಗಳಿಂದ ಮನೆಯಲ್ಲಿಯೇ ಉಳಿದ ವೃದ್ಧರು ನಮ್ಮಲ್ಲಿದ್ದಾರೆ, ಇಲ್ಲಿ ಮೆಟ್ಟಿಲಿಲ್ಲ. ಯುವಕರು ಅವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬರಲಿ. ದೀಪಾಲಂಕಾರಕ್ಕೆಂದು ಕೂಡಿಸಿದ ಹಣದಲ್ಲಿ ಕಂಬಳಿಗಳನ್ನು ತರೋಣ. ಬಯಲಿನ ಚಳಿ ಮಕ್ಕಳಿಗೂ ಮುದುಕರಿಗೂ ಕಷ್ಟ. ಸಾವಾದ ಮನೆಗಳವರು ಈ ವರ್ಷ ಹಬ್ಬ ಮಾಡುವುದಿಲ್ಲವೆಂದು ಬಾಗಿಲು ಹಾಕಿಕೊಂಡಿರುತ್ತಾರೆ. ಅವರ ಮನೆಗೆ ಕಜ್ಜಾಯ, ಕಲಕಲ ತೆಗೆದುಕೊಂಡು ಹೋಗಿರಿ. ಏಕೆ ಹೀಗಾಯಿತೆಂದು ವಿವರಿಸಲು ಹೋಗಬೇಡಿರಿ. ಸುಮ್ಮನೆ ಅವರ ಜತೆ ಕುಳಿತುಕೊಳ್ಳಿರಿ. ಪರಊರಿನಿಂದ, ಪರದೇಶದಿಂದ ಬರುತ್ತೇವೆಂದ ಮಕ್ಕಳು ರಜೆ ಸಿಗದೆ ಬರಲಾಗದಿದ್ದರೆ, ಆ ಮಗನ ಎಲೆಯಲ್ಲಿ ನೆರೆಮನೆಯ ಒಂಟಿ ಜೀವವೊಂದನ್ನು ಕೂರಿಸಿರಿ. ನಮ್ಮನ್ನು ಕೊಲ್ಕತ್ತದಿಂದಲೋ ಒಡಿಶಾದಿಂದಲೋ ಬಂದ ಕೂಲಿಯವರು ನೋಡಲು ಬಂದರೆ ಚಪ್ಪರದ ಹೊರಗೆ ನಿಲ್ಲಿಸಬೇಡಿರಿ. ಈ ಸಲ ಬಾಗಿಲೇ ಇಲ್ಲದಿರುವುದು ಅದಕ್ಕೆ ಅನುಕೂಲವೇ ಆಗಿದೆ.

ಕೊನೆಯದಾಗಿ, ಬಾಗಿಲ ಬಳಿ ಪ್ರಶ್ನೆ ಕೇಳಿದ ಆ ತಾಯಿಗೆ ನಮ್ಮ ಉತ್ತರ. ಅಮ್ಮಾ, ಗೆದ್ದಲನ್ನು ದೇವರು ಕಳುಹಿಸಿದರೆಂದು ನಾವು ಹೇಳಲಾರೆವು. ಇದರಿಂದ ಮುಂದೆ ಏನು ಒಳ್ಳೆಯದಾದೀತೆಂಬುದೂ ನಮಗೆ ಕಾಣದು. ಆದರೆ ದೇವರು ನಮ್ಮನ್ನು ಹೊರಗೆ ಹಾಕಿಲ್ಲ. ಬುಧವಾರ ರಾತ್ರಿ ಈ ಚಪ್ಪರದ ಕೆಳಗೆ ರೊಟ್ಟಿ ದ್ರಾಕ್ಷಾರಸಗಳ ರೂಪದಲ್ಲಿ ಅವರು ಬಂದೇ ಬರುತ್ತಾರೆ. ಅವರಿಗೆ ಹೊರಗೆ ಹುಟ್ಟಿ ಅಭ್ಯಾಸವಿದೆ. ನೀವು ಜಪಸರ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ. ಒಂದು ಕಂಬಳ್ಳಿಯನ್ನು ನಿಮಗಾಗಿ ನಾವೇ ತಂದಿಡುತ್ತೇವೆ.

ಮಾತಿಲ್ಲದೆ ಎದ್ದು, ಇರುಳಿನಲ್ಲಿ ಹೊರಟು, ದೇವರ ಮಗುವನ್ನು ಕಾಪಾಡಿದ ಸಂತ ಜೋಸೆಫರೇ, ನಮ್ಮ ಎಣಿಕೆಗಳು ಮುರಿದ ಹೊತ್ತಿನಲ್ಲಿ ನಮ್ಮನ್ನು ಎಬ್ಬಿಸಿರಿ. ಗೋದಲಿಯನ್ನು ತೊಟ್ಟಿಲಾಗಿಸಿದ ಮಾತೆ ಮರಿಯಮ್ಮನವರೇ, ಅಳುವ ಮನೆಗಳ ಜತೆಯಲ್ಲಿರಿ. ನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಮೊದಲ ಕಲ್ಲಿಟ್ಟವರೂ, ಇಂದು ಮಾಡಿಲ್ಲದೆ ಕುಳಿತಿರುವ ನಾವೂ, ಇನ್ನು ನೂರು ವರ್ಷಗಳ ಮೇಲೆ ಇಲ್ಲಿ ಮೊಣಕಾಲೂರುವವರೂ ಒಂದೇ ಕುಟುಂಬವಾಗಿ ತಂದೆಯ ಮನೆಯನ್ನು ಸೇರುವಂತೆ, ಪಿತನ, ಸುತನ ಮತ್ತು ಪವಿತ್ರಾತ್ಮರ ಆಶೀರ್ವಾದವು ನಿಮ್ಮೆಲ್ಲರ ಮೇಲಿರಲಿ. ಆಮೆನ್.